ಹಸಿರು ಟಿಕ್ ಹಿಂದಿರುವ ಪಟ್ಟಿ

ಬೆಳಿಗ್ಗೆ ಹನ್ನೊಂದರ ಮೀಟಿಂಗ್. ನೀವು ಸ್ಕ್ರೀನ್ ಶೇರ್ ಮಾಡಿದ ಹೊತ್ತಿಗೇ ಲ್ಯಾಪ್‌ಟಾಪ್ ಫ್ಯಾನು ಮಿಕ್ಸಿ ಥರ ಸದ್ದು ಶುರು ಮಾಡತ್ತೆ, ಮೌಸ್ ಎಳೆದ ಕಡೆ ಬರಲ್ಲ. ಟಾಸ್ಕ್ ಮ್ಯಾನೇಜರ್ ತೆಗೆದರೆ ಎಲ್ಲಕ್ಕಿಂತ ಮೇಲೆ ಕೂತಿರೋದು 'ಆಂಟಿಮಾಲ್‌ವೇರ್ ಸರ್ವೀಸ್ ಎಕ್ಸಿಕ್ಯೂಟಬಲ್' ಅನ್ನೋ ಹೆಸರು. "ಇದೇ ವೈರಸ್ಸಾ?" ಅಂತ ಈ ಹೆಸರಿನ ಸ್ಕ್ರೀನ್‌ಶಾಟ್ ಕಳಿಸಿದ ಗೆಳೆಯರು ನನಗೆ ಮೂರ್ನಾಲ್ಕು ಜನ ಇದ್ದಾರೆ. ಅಲ್ಲ ಕಣ್ರೀ, ಅದು ವೈರಸ್ ಹಿಡಿಯೋದು. ವಿಂಡೋಸ್ ಜೊತೆ ಪುಕ್ಕಟೆ ಬರುವ ಮೈಕ್ರೋಸಾಫ್ಟ್ ಡಿಫೆಂಡರ್‌ನ ಕೆಲಸಗಾರ ಅದು.

ಅದು ತಿಳಿದ ಮೇಲೆ ಬರೋ ಎರಡನೇ ಪ್ರಶ್ನೆ, "ಹಾಗಾದ್ರೆ ಆಫ್ ಮಾಡೋದು ಹೇಗೆ?"

ಆಫ್ ಮಾಡೋದು ಬೇಡ. ಯಾವಾಗ ಹುಡುಕಬೇಕು, ಎಲ್ಲಿ ಹುಡುಕಬೇಕು ಅಂತ ಅದಕ್ಕೆ ಹೇಳೋಕೆ ಬರತ್ತೆ. ಜೊತೆಗೆ, ಎಲ್ಲಿ ಹುಡುಕಬೇಡ ಅಂತ ಅದಕ್ಕೆ ಯಾರು ಹೇಳಿಟ್ಟಿದ್ದಾರೆ ಅಂತಾನೂ ನೋಡ್ಕೋಬೇಕು. ಈ ಕೊನೆಯದರ ಬಗ್ಗೆ ಬರೆಯೋಕೇ ಈ ವಾರ ಕೂತಿದ್ದು.

ಮೊದಲು ಸದ್ದಿನ ವಿಷಯ. ಡಿಫೆಂಡರ್ ಎರಡು ಥರ ಕೆಲಸ ಮಾಡತ್ತೆ. 'ರಿಯಲ್ ಟೈಮ್ ಪ್ರೊಟೆಕ್ಷನ್' ಅನ್ನೋದು ನೀವು ಫೈಲ್ ಇಳಿಸಿದಾಗ, ತೆರೆದಾಗ, ಓಡಿಸಿದಾಗ ಆಗಲೇ ನೋಡೋ ಬಾಗಿಲ ಕಾವಲು. ಇನ್ನೊಂದು ಸ್ಕ್ಯಾನ್, ಅಂದರೆ ಆಗಾಗ ಮನೆಯೊಳಗೆ ಒಂದು ಸುತ್ತು ಹಾಕೋದು. ಸ್ಟಾರ್ಟ್ ಒತ್ತಿ 'ವಿಂಡೋಸ್ ಸೆಕ್ಯುರಿಟಿ' ಅಂತ ಟೈಪ್ ಮಾಡಿ, 'ವೈರಸ್ ಅಂಡ್ ಥ್ರೆಟ್ ಪ್ರೊಟೆಕ್ಷನ್' ತೆರೆದು, 'ಸ್ಕ್ಯಾನ್ ಆಪ್ಷನ್ಸ್' ಒತ್ತಿದರೆ ಸ್ಕ್ಯಾನ್ ಬಗೆಗಳು ಕಾಣುತ್ತವೆ. ಕ್ವಿಕ್ ಸ್ಕ್ಯಾನ್ ಕೀಟಲೆ ಪ್ರೋಗ್ರಾಂಗಳು ಸಾಮಾನ್ಯವಾಗಿ ಅಡಗಿ ಕೂರೋ ಜಾಗಗಳನ್ನಷ್ಟೇ ನೋಡತ್ತೆ: ಮೆಮೊರಿ, ಕಂಪ್ಯೂಟರ್ ಆನ್ ಆದಾಗ ತಾನಾಗಿ ಶುರುವಾಗುವ ಪ್ರೋಗ್ರಾಂಗಳು, ರಿಜಿಸ್ಟ್ರಿಯ ಕೆಲವು ಮೂಲೆಗಳು. ಫುಲ್ ಸ್ಕ್ಯಾನ್ ಇಡೀ ಡಿಸ್ಕ್ ಜಾಲಾಡತ್ತೆ, ಗಂಟೆಗಟ್ಟಲೆ ಹಿಡಿಯತ್ತೆ. ಕಸ್ಟಮ್ ಸ್ಕ್ಯಾನ್ ನೀವು ತೋರಿಸಿದ ಫೋಲ್ಡರ್‌ಗೆ ಮಾತ್ರ. ನಾಲ್ಕನೆಯದು ಆಫ್‌ಲೈನ್ ಸ್ಕ್ಯಾನ್. ಅದಕ್ಕೆ ಆಮೇಲೆ ಬರ್ತೀನಿ.

ರಿಯಲ್ ಟೈಮ್ ಆನ್ ಇದ್ದರೆ ದಿನನಿತ್ಯಕ್ಕೆ ಕ್ವಿಕ್ ಸ್ಕ್ಯಾನ್ ಸಾಕು ಅಂತ ಮೈಕ್ರೋಸಾಫ್ಟ್ ತಾನೇ ಹೇಳತ್ತೆ. ಹಾಗಾಗಿ ವಾರಕ್ಕೊಂದು ಫುಲ್ ಸ್ಕ್ಯಾನ್ ಹಾಕಿ ಡಿಸ್ಕ್ ಬಿಸಿ ಮಾಡೋದರಲ್ಲಿ ಪುಣ್ಯ ಏನಿಲ್ಲ. ಒಂದೇ ಮಾತು, ಫುಲ್ ಸ್ಕ್ಯಾನ್ ಅಂದರೂ ಪೆನ್‌ಡ್ರೈವ್ ಅದರಲ್ಲಿ ಡೀಫಾಲ್ಟಾಗಿ ಸೇರಿರಲ್ಲ. ಜೆರಾಕ್ಸ್ ಅಂಗಡಿಗೆ ಹೋಗಿ ಬಂದ ಪೆನ್‌ಡ್ರೈವ್ ಅಂತೂ ಊರೆಲ್ಲ ಸುತ್ತಿ ಬಂದ ಹಾಗೇ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಕ್ಯಾನ್ ವಿತ್ ಮೈಕ್ರೋಸಾಫ್ಟ್ ಡಿಫೆಂಡರ್' ಒತ್ತಿ. ನಿಮ್ಮ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿ ಕಾಣಿಸಿದರೆ ಯಾವುದನ್ನೂ ಕ್ಲಿಕ್ ಮಾಡೋಕೆ ಹೋಗಬೇಡಿ.

ಇನ್ನು ಮೀಟಿಂಗ್ ಹೊತ್ತಿಗೇ ಸ್ಕ್ಯಾನ್ ಬರೋ ಕಾಟ. ವಿಂಡೋಸ್ ಸೆಕ್ಯುರಿಟಿ ಪರದೆಯಲ್ಲಿ ವೇಳೆ ಬದಲಾಯಿಸೋ ಬಟನ್ ಇಲ್ಲ. ಯಾಕಿಲ್ಲ ಅಂತ ಬಹಳ ಜನ ಬೈಕೊಳ್ತಾರೆ, ನಾನೂ ಅವರ ಜೊತೆಗೇ ಇದ್ದೀನಿ. ಅದು ಇರೋದು ಟಾಸ್ಕ್ ಶೆಡ್ಯೂಲರ್‌ನಲ್ಲಿ. ಅಲ್ಲಿ ಎಡಗಡೆ 'ಟಾಸ್ಕ್ ಶೆಡ್ಯೂಲರ್ ಲೈಬ್ರರಿ', ಅದರೊಳಗೆ 'ಮೈಕ್ರೋಸಾಫ್ಟ್', 'ವಿಂಡೋಸ್', 'ವಿಂಡೋಸ್ ಡಿಫೆಂಡರ್' ಹೀಗೆ ಒಂದೊಂದೇ ಬಿಚ್ಚುತ್ತಾ ಹೋದರೆ 'ವಿಂಡೋಸ್ ಡಿಫೆಂಡರ್ ಶೆಡ್ಯೂಲ್ಡ್ ಸ್ಕ್ಯಾನ್' ಸಿಗತ್ತೆ. ಅದರ 'ಪ್ರಾಪರ್ಟೀಸ್' ತೆರೆದು 'ಟ್ರಿಗರ್ಸ್'ನಲ್ಲಿ ಹೊಸದೊಂದು ವೇಳೆ ಸೇರಿಸಿ. ನಂದು ಬುಧವಾರ ಮಧ್ಯಾಹ್ನ ಒಂದೂವರೆ. ಲ್ಯಾಪ್‌ಟಾಪ್ ಆನ್ ಇರತ್ತೆ, ಚಾರ್ಜರ್ ಹಾಕಿರತ್ತೆ, ನಾನು ಡಬ್ಬಿ ಮುಂದೆ ಇರ್ತೀನಿ. ರಾತ್ರಿ ಎರಡು ಗಂಟೆ ಅಂತ ಇಟ್ಟು ಲ್ಯಾಪ್‌ಟಾಪ್ ಮುಚ್ಚಿ ಮಲಗಿದರೆ ಸ್ಕ್ಯಾನ್ ಆಗಲ್ಲ. 'ಕಂಡೀಷನ್ಸ್' ಅನ್ನೋ ಕಡೆ ಚಾರ್ಜರ್ ಇದ್ದಾಗ ಮಾತ್ರ, ಕಂಪ್ಯೂಟರ್ ಖಾಲಿ ಕೂತಾಗ ಮಾತ್ರ ಅನ್ನೋ ಆಯ್ಕೆಗಳೂ ಇವೆ.

ನಿಗದಿ ಸ್ಕ್ಯಾನ್ ಸರಾಸರಿ ಎಷ್ಟು ಸಿಪಿಯು ತಿನ್ನಬಹುದು ಅನ್ನೋದಕ್ಕೂ ಒಂದು ಸಂಖ್ಯೆ ಇದೆ, ಡೀಫಾಲ್ಟ್ 50 ಪ್ರತಿಶತ. ಪವರ್‌ಶೆಲ್ ಗೊತ್ತಿರೋರು ಅದನ್ನ 20ಕ್ಕೋ 30ಕ್ಕೋ ಇಳಿಸ್ಕೋಬಹುದು. ಗೊತ್ತಿಲ್ಲದಿದ್ದರೆ ಬಿಡಿ, ವೇಳೆ ಬದಲಾಯಿಸಿದರೇ ಮುಕ್ಕಾಲು ಪಾಲು ತಲೆನೋವು ಹೋಗತ್ತೆ. ಕಂಪನಿ ಕೊಟ್ಟ ಲ್ಯಾಪ್‌ಟಾಪ್ ಆದರೆ ಇದ್ಯಾವುದೂ ನಿಮ್ಮ ಕೈಲಿರಲ್ಲ, ಐಟಿ ವಿಭಾಗಕ್ಕೆ ಟಿಕೆಟ್ ಹಾಕಿ.

ಈಗ ಆ ಪಟ್ಟಿಯ ವಿಷಯ.

ನಮ್ಮ ಭಾವ ತಿಪಟೂರಲ್ಲಿ ತೆರಿಗೆ ಸಲಹೆಗಾರರು. ಕೊಬ್ಬರಿ ಮಂಡಿಯವರು, ಸಣ್ಣ ಅಂಗಡಿಯವರು, ನಿವೃತ್ತ ಮೇಷ್ಟ್ರುಗಳು ಎಲ್ಲರ ಇನ್‌ಕಮ್ ಟ್ಯಾಕ್ಸ್, ಜಿಎಸ್‌ಟಿ ರಿಟರ್ನ್ಸ್ ಅವರ ಒಂದೇ ಲ್ಯಾಪ್‌ಟಾಪಲ್ಲಿ. ದಸರಾ ರಜೆಗೆ ಹೋದಾಗ "ಯಾಕೋ ನಿಧಾನ ಆಗಿದೆ, ಸ್ವಲ್ಪ ನೋಡಮ್ಮ" ಅಂದರು. ವಿಂಡೋಸ್ ಸೆಕ್ಯುರಿಟಿ ತೆರೆದೆ. ಹಸಿರು ಟಿಕ್, ಎಲ್ಲ ಸರಿಯಾಗಿದೆ ಅಂತಿತ್ತು.

"ನೋಡು, ಆಂಟಿವೈರಸ್ ಎಲ್ಲ ಸರಿಯಾಗೇ ಇದೆ" ಅಂದರು ಭಾವ.

'ಮ್ಯಾನೇಜ್ ಸೆಟ್ಟಿಂಗ್ಸ್' ಒತ್ತಿ ತೀರಾ ಕೆಳಗಡೆ ಹೋದರೆ 'ಎಕ್ಸ್‌ಕ್ಲೂಷನ್ಸ್' ಅಂತ ಒಂದಿದೆ. ಇಲ್ಲಿರೋದನ್ನ ನೋಡಬೇಡ ಅಂತ ಡಿಫೆಂಡರ್‌ಗೆ ಹೇಳೋ ಪಟ್ಟಿ ಅದು. ಭಾವನ ಲ್ಯಾಪ್‌ಟಾಪಲ್ಲಿ ಆ ಪಟ್ಟಿಯಲ್ಲಿ ಒಂದೇ ಸಾಲು ಇತ್ತು. ಸಿ ಡ್ರೈವ್. ಯಾವುದೋ ಫೋಲ್ಡರ್ ಅಲ್ಲ, ಇಡೀ ಡ್ರೈವ್. ಆ ಲ್ಯಾಪ್‌ಟಾಪಲ್ಲಿ ಇದ್ದದ್ದೂ ಅದೊಂದೇ ಡ್ರೈವ್.

"ಇದ್ಯಾರು ಹಾಕಿದ್ದು ಭಾವ?"

"ನಾನಂತೂ ಮುಟ್ಟಿಲ್ಲ. ಆಫೀಸ್ ಹಾಕಿಸಿದಾಗ ಅಂಗಡಿ ಹುಡುಗ ಏನೋ ಮಾಡ್ತಿದ್ದ."

ಅರ್ಥ ಆಯ್ತು. ಕಳ್ಳ ಕಾಪಿಯನ್ನ ಅಸಲಿ ಅಂತ ನಂಬಿಸೋ ಆಕ್ಟಿವೇಟರ್ ಪ್ರೋಗ್ರಾಂಗಳನ್ನ ಡಿಫೆಂಡರ್ ಹಿಡಿದು ಹಾಕತ್ತೆ. ರಿಯಲ್ ಟೈಮ್ ಆಫ್ ಮಾಡಿದರೆ ಸ್ವಲ್ಪ ಹೊತ್ತಿಗೆ ತಾನಾಗೇ ಆನ್ ಆಗಿಬಿಡತ್ತೆ. ಅದಕ್ಕೆ ಹುಡುಗ ಸುಲಭದ ದಾರಿ ಹಿಡಿದಿದ್ದ, ಇಡೀ ಡ್ರೈವನ್ನೇ ಪಟ್ಟಿಗೆ ಸೇರಿಸಿದ್ದ. ಹೀಗೆ ಸೇರಿಸಿದ್ದನ್ನ ಯಾರಾದರೂ ತೆಗೆಯೋ ತನಕ ಅದು ಅಲ್ಲೇ ಇರತ್ತೆ. ಅಷ್ಟು ದಿನವೂ ಟಿಕ್ ಹಸಿರಾಗೇ ಇರತ್ತೆ, ಯಾಕಂದರೆ ಡಿಫೆಂಡರ್ ಲೆಕ್ಕದಲ್ಲಿ ಮಾಲೀಕರೇ ಹೇಳಿದ್ದಾರೆ, ಅದು ಕೇಳ್ತಿದೆ.

ಆ ಸಾಲು ತೆಗೆದು ಫುಲ್ ಸ್ಕ್ಯಾನ್ ಹಾಕಿದೆ. ಸಂಜೆ ಶುರುವಾದದ್ದು ರಾತ್ರಿ ಊಟ ಮುಗಿದರೂ ಓಡ್ತಾನೇ ಇತ್ತು. "ಹಬ್ಬದ ದಿನಾನೂ ಇದೇನಾ ನಿಂದು?" ಅಂತ ಅಕ್ಕ ಬೈದಳು. ಕೊನೆಗೆ ಎರಡು ಸಿಕ್ಕಿದವು. ಒಂದು ಅದೇ ಆಕ್ಟಿವೇಟರ್, 'ಹ್ಯಾಕ್‌ಟೂಲ್' ಅನ್ನೋ ಹೆಸರಲ್ಲಿ. ಇನ್ನೊಂದು ಡೌನ್‌ಲೋಡ್ಸ್ ಫೋಲ್ಡರಿನ ಜಿಪ್ ಫೈಲೊಳಗೆ, 'ಟ್ರೋಜನ್' ಅಂತ. ಜಿಪ್ ಹೆಸರಲ್ಲಿ 'ನೋಟಿಸ್' ಅಂತಿತ್ತು.

ಭಾವನಿಗೆ ನೆನಪಿತ್ತು. "ಮೇಲಲ್ಲಿ ಬಂದಿತ್ತು. ತೆಗೆದೆ. ಏನೂ ಕಾಣಲಿಲ್ಲ, ಬಿಟ್ಟೆ."

ಏನೂ ಕಾಣಲಿಲ್ಲ ಅನ್ನೋದೇ ನನಗೆ ಹೊಟ್ಟೆಯಲ್ಲಿ ತಳಮಳ ಎಬ್ಬಿಸಿದ್ದು. ಆ ಲ್ಯಾಪ್‌ಟಾಪಲ್ಲಿ ಎಷ್ಟೋ ಜನರ ಪ್ಯಾನ್, ಆಧಾರ್, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದವು. ಅದಕ್ಕಿಂತ ಹೆಚ್ಚಾಗಿ ಒಂದು ಎಕ್ಸೆಲ್ ಶೀಟ್ ಇತ್ತು. ಅದರಲ್ಲಿ ಕಕ್ಷಿದಾರರ ಪೋರ್ಟಲ್ ಯೂಸರ್ ಹೆಸರು, ಪಾಸ್‌ವರ್ಡ್ ಸಾಲಾಗಿ ಬರೆದಿತ್ತು. ಅದು ಯಾರ ಕೈಗಾದರೂ ಹೋಯ್ತಾ, ಇಲ್ವಾ? ಹೇಳೋಕೆ ದಾರಿ ಇರಲಿಲ್ಲ.

ಮೊದಲು ವೈಫೈ ಆಫ್ ಮಾಡಿದ್ವಿ. ಆಮೇಲೆ ಆಫ್‌ಲೈನ್ ಸ್ಕ್ಯಾನ್ ಹಾಕಿದ್ವಿ. ಕಂಪ್ಯೂಟರ್ ರೀಸ್ಟಾರ್ಟ್ ಆಗಿ, ವಿಂಡೋಸ್ ಪೂರ್ತಿ ಏಳೋ ಮುಂಚೆಯೇ ಹುಡುಕೋ ಸ್ಕ್ಯಾನ್ ಇದು, ಸುಮಾರು 15 ನಿಮಿಷ. ವಿಂಡೋಸ್ ಓಡುವಾಗ ಬಚ್ಚಿಟ್ಟುಕೊಳ್ಳೋ ಕಳ್ಳರು ಆಗ ಸಿಕ್ಕಿಬೀಳ್ತಾರೆ. ಹಾಕೋ ಮುಂಚೆ ತೆರೆದ ಫೈಲ್‌ಗಳನ್ನ ಸೇವ್ ಮಾಡ್ಕೊಳ್ಳಿ. ಅದರಲ್ಲಿ ಹೊಸದೇನೂ ಸಿಗಲಿಲ್ಲ. ಆದರೆ ಎಷ್ಟೋ ತಿಂಗಳು ಕಾವಲಿಲ್ಲದೆ ಇದ್ದ ಮನೆ ಅದು, ಒಂದು ಸ್ಕ್ಯಾನ್ ಏನೂ ಇಲ್ಲ ಅಂದ ಮಾತ್ರಕ್ಕೆ ನಂಬೋಕಾಗಲ್ಲ. ಕಡತಗಳನ್ನಷ್ಟೇ ಹೊರಗೆ ತೆಗೆದು, ವಿಂಡೋಸ್ ಹೊಸದಾಗಿ ಹಾಕಿದ್ವಿ. ಇಮೇಲ್, ಬ್ಯಾಂಕ್, ಪೋರ್ಟಲ್ ಪಾಸ್‌ವರ್ಡ್‌ಗಳನ್ನ ಅಕ್ಕನ ಫೋನಿಂದ ಬದಲಾಯಿಸಿದ್ವಿ. ಅನುಮಾನದ ಕಂಪ್ಯೂಟರಲ್ಲೇ ಹೊಸ ಪಾಸ್‌ವರ್ಡ್ ಹೊಡೆದರೆ ಅದನ್ನೂ ಕಳ್ಳನ ಕೈಗೇ ಕೊಟ್ಟ ಹಾಗೆ.

ಕಷ್ಟ ಆಗಿದ್ದು ಅದಾದ ಮೇಲೆ. "ಜನಕ್ಕೆ ಹೇಳೋದಾ?" ಅಂತ ಭಾವ ಎರಡು ದಿನ ಒದ್ದಾಡಿದರು. ಊರು ಸಣ್ಣದು, ಇಪ್ಪತ್ತು ವರ್ಷದ ನಂಬಿಕೆ. ಕೊನೆಗೆ ಆ ಶೀಟ್ ಹಿಡ್ಕೊಂಡು ಒಬ್ಬೊಬ್ಬರಿಗೂ ತಾವೇ ಫೋನ್ ಮಾಡಿದರು. ಕೆಲವರು ಗಾಬರಿಯಾದರು, ಇಬ್ಬರು ಕಾಗದಪತ್ರ ವಾಪಸ್ ತಗೊಂಡು ಹೋದರು. ಮಂಡಿಯ ಹಿರಿಯರೊಬ್ಬರು ಎಲ್ಲ ಕೇಳಿಸಿಕೊಂಡು, "ಅದೇನೋ ಬದಲಾಯಿಸ್ಬೇಕು ಅಂದ್ರಲ್ಲ ಸಾರ್, ನೀವೇ ಮಾಡಿ ಬರೆದಿಟ್ಕೊಂಡ್ಬಿಡಿ" ಅಂದರಂತೆ.

ಅಂಗಡಿ ಹುಡುಗ, ಊರ ಭಾವ ಅಂತ ನಗೋ ಹಾಗಿಲ್ಲ. ಎಕ್ಸ್‌ಕ್ಲೂಷನ್ಸ್ ಪಟ್ಟಿ ಉದ್ದ ಇರೋದು ನಮ್ಮಂಥವರ ಲ್ಯಾಪ್‌ಟಾಪಲ್ಲೇ. ಕೋಡ್ ಬಿಲ್ಡ್ ನಿಧಾನ ಅಂತ ಪ್ರಾಜೆಕ್ಟ್ ಫೋಲ್ಡರ್, ಗೇಮ್ ತಡವರಿಸತ್ತೆ ಅಂತ ಇನ್ನೊಂದು, ಯಾವುದೋ ವಿಡಿಯೊದಲ್ಲಿ ಹೇಳಿದ್ರು ಅಂತ ಮತ್ತೊಂದು. ಫೋಲ್ಡರ್ ಸೇರಿಸಿದರೆ ರಿಯಲ್ ಟೈಮ್, ಸ್ಕ್ಯಾನ್ ಎರಡೂ ಅದನ್ನ ಬಿಡುತ್ತವೆ. ಪ್ರೊಸೆಸ್ ಸೇರಿಸಿದರೆ ವಿಷಯ ಇನ್ನೂ ಸೂಕ್ಷ್ಮ. ಉದಾಹರಣೆಗೆ ಪೈಥಾನ್ ಸೇರಿಸಿದಿರಿ ಅನ್ನಿ. ಬಹಳ ಜನ ಪೈಥಾನ್ ಅನ್ನೋ ಫೈಲಿಗೆ ಮಾತ್ರ ವಿನಾಯಿತಿ ಅಂದ್ಕೊಳ್ತಾರೆ. ನಿಜಕ್ಕೂ ಆಗೋದು, ಪೈಥಾನ್ ತೆರೆಯೋ ಫೈಲ್‌ಗಳನ್ನ ರಿಯಲ್ ಟೈಮ್ ಕಾವಲು ನೋಡದೆ ಬಿಡೋದು. ಎಲ್ಲಿಂದಲೋ ತಂದ ಪ್ಯಾಕೇಜ್ ಕೂಡ ಅದರಲ್ಲಿ ಬಂತು.

ಬಿಲ್ಡ್ ವೇಗವೇ ಮುಖ್ಯ ಅನ್ನೋರಿಗೆ ವಿಂಡೋಸ್ 11ರಲ್ಲಿ 'ಡೆವ್ ಡ್ರೈವ್' ಇದೆ. ಕನಿಷ್ಠ 50 ಜಿಬಿ ಜಾಗ ಕೊಟ್ಟು ಬೇರೆ ಡ್ರೈವ್ ಮಾಡ್ಕೊಂಡರೆ, ಅಲ್ಲಿ ಡಿಫೆಂಡರ್ ಫೈಲ್ ತೆರೆಯೋದನ್ನ ತಡೆದು ನಿಲ್ಲಿಸದೆ, ತೆರೆದ ಮೇಲೆ ಪರೀಕ್ಷೆ ಮಾಡತ್ತೆ. ನೋಡೋದನ್ನೇ ನಿಲ್ಲಿಸೋದಕ್ಕಿಂತ ಇದು ಎಷ್ಟೋ ವಾಸಿ.

ಆ ಪರದೆಯಲ್ಲೇ ಇದ್ದೀರಲ್ಲ, ಇನ್ನೆರಡು ನೋಡಿಬಿಡಿ. 'ಅಲೋವ್ಡ್ ಥ್ರೆಟ್ಸ್' ಅನ್ನೋದು ಎಂದೋ ಒಮ್ಮೆ ಅವಸರದಲ್ಲಿ 'ಇರಲಿ ಬಿಡು' ಅಂತ ನೀವು ಒಪ್ಪಿಕೊಂಡ ಬೆದರಿಕೆಗಳ ಪಟ್ಟಿ. 'ಟ್ಯಾಂಪರ್ ಪ್ರೊಟೆಕ್ಷನ್' ಆನ್ ಇರಲಿ, ಬೇರೆ ಪ್ರೋಗ್ರಾಂ ಬಂದು ರಿಯಲ್ ಟೈಮ್ ಕಾವಲನ್ನ ಆಫ್ ಮಾಡೋದನ್ನ ಅದು ತಡೆಯತ್ತೆ. ಮನೆ ಕಂಪ್ಯೂಟರಲ್ಲಿ ಎಕ್ಸ್‌ಕ್ಲೂಷನ್ ಸೇರಿಸೋದನ್ನ ಮಾತ್ರ ತಡೆಯಲ್ಲ. ಅದಕ್ಕೇ ಪಟ್ಟಿಯನ್ನ ಕಣ್ಣಾರೆ ನೋಡಿ ಅನ್ನೋದು.

'ಕಂಟ್ರೋಲ್ಡ್ ಫೋಲ್ಡರ್ ಆಕ್ಸೆಸ್' ಡೀಫಾಲ್ಟಾಗಿ ಆಫ್ ಇರತ್ತೆ. ಆನ್ ಮಾಡಿದರೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್‌ನಂಥ ಫೋಲ್ಡರ್‌ಗಳಲ್ಲಿ ನಂಬಿಕಸ್ಥ ಪ್ರೋಗ್ರಾಂ ಬಿಟ್ಟು ಬೇರೆಯದು ಬರೆಯೋಕಾಗಲ್ಲ, ಅಂದರೆ ಕಡತಗಳಿಗೆ ಬೀಗ ಹಾಕಿ ದುಡ್ಡು ಕೇಳೋ ರ‍್ಯಾನ್ಸಮ್‌ವೇರ್‌ಗೆ ಅಡ್ಡ. ಭಾವನಿಗೆ ಆನ್ ಮಾಡಿಕೊಟ್ಟೆ. ಮಾರನೇ ದಿನವೇ ಫೋನ್, ಹಳೇ ಲೆಕ್ಕದ ಸಾಫ್ಟ್‌ವೇರ್ ಸೇವ್ ಆಗ್ತಿಲ್ಲ ಅಂತ. ಹಾಗಾದಾಗ ಇಡೀ ಸೌಲಭ್ಯ ಆಫ್ ಮಾಡಬೇಡಿ. ಅಲ್ಲೇ ಇರೋ ಅನುಮತಿ ಪಟ್ಟಿಗೆ ಆ ಒಂದು ಪ್ರೋಗ್ರಾಂ ಸೇರಿಸಿದರೆ ಆಯ್ತು.

ಹೊಸ ಲ್ಯಾಪ್‌ಟಾಪ್ ಜೊತೆ ಬೇರೆ ಕಂಪನಿಯ ಆಂಟಿವೈರಸ್ ಟ್ರಯಲ್ ಬಂದಿದ್ದರೆ ಡಿಫೆಂಡರ್ ತಾನಾಗಿ ಬದಿಗೆ ಸರಿದಿರತ್ತೆ. ದುಡ್ಡು ಕೊಟ್ಟು ಮುಂದುವರಿಸೋ ಮನಸ್ಸಿಲ್ಲದಿದ್ದರೆ, ಅವಧಿ ಮುಗಿಯೋವರೆಗೂ ಕಾಯದೆ ಅದನ್ನ ಅನ್‌ಇನ್‌ಸ್ಟಾಲ್ ಮಾಡಿ, ಡಿಫೆಂಡರ್ ಮತ್ತೆ ಕೆಲಸಕ್ಕೆ ಬರತ್ತೆ.

ಅಪ್ಪ ಅಮ್ಮನ ಹತ್ತಿರ ಇನ್ನೂ ವಿಂಡೋಸ್ 10 ಇದೆ, ಏನು ಮಾಡೋದು ಅಂತ ಕೇಳೋರಿಗೆ: ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಡಿಫೆಂಡರ್‌ಗೆ ಹೊಸ ವೈರಸ್‌ಗಳ ಗುರುತು ಮಾತ್ರ 2028ರ ಅಕ್ಟೋಬರ್‌ವರೆಗೆ ಬರ್ತಾ ಇರತ್ತೆ ಅಂತ ಮೈಕ್ರೋಸಾಫ್ಟ್ ಹೇಳಿದೆ. ಅಂದರೆ ಕಾವಲುಗಾರನ ಹತ್ತಿರ ಕಳ್ಳರ ಫೋಟೊ ಹೊಸದಿರತ್ತೆ, ಗೋಡೆಯ ಬಿರುಕು ಮುಚ್ಚೋ ಮಾಮೂಲಿ ಕೆಲಸ ಮಾತ್ರ ನಿಂತಿದೆ. ಆ ಯಂತ್ರದಲ್ಲಿ ಬ್ಯಾಂಕ್ ಕೆಲಸ ಮಾಡಿಸಬೇಡಿ. ಹಬ್ಬಕ್ಕೆ ಊರಿಗೆ ಹೋದಾಗ ಎಕ್ಸ್‌ಕ್ಲೂಷನ್ಸ್ ಪಟ್ಟಿಯನ್ನೂ ಒಮ್ಮೆ ತೆರೆದು ನೋಡಿ ಬನ್ನಿ, ಅಲ್ಲಿ ಏನಾದರೂ ಇದ್ದರೆ ಅಂಗಡಿಯವರಿಗೆ ಫೋನ್ ಮಾಡೋ ಮುಂಚೆ ಒಂದು ಫೋಟೊ ತೆಗೆದಿಟ್ಕೊಳ್ಳಿ.