ಕುದುರೆಗೆ ಅರ ಹಿಡಿಯುವ ಮುನ್ನ

ಬೋಡಿಮೆಟ್ಟಿನ ತಿರುವುಗಳನ್ನೇರಿ ಏಲಕ್ಕಿ ತೋಟಕ್ಕೆ ಹೋಗಿಬರುವ ನಮ್ಮ ಬಂಧುವೊಬ್ಬರು ಮೊನ್ನೆ ಒಂದು ಸಲಹೆ ಬೇಡಿ ಬಂದರು. ಅವರಲ್ಲಿ ತಂದೆಯವರ ಕಾಲದ ರಿವಾಲ್ವರೊಂದಿದೆ. ಪರವಾನಗಿಯನ್ನು ತಮ್ಮ ಹೆಸರಿಗೆ ಪಡೆದಿದ್ದಾರೆ. ಆಳುಗಳ ಬಟವಾಡೆಯ ಹಣದೊಡನೆ ಹೊರಟಾಗ ಅದನ್ನು ಅಂಗಿಯೊಳಗೆ ಇರಿಸಿಕೊಂಡರೆ, ಕುದುರೆಯ ಕೊಕ್ಕೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆಯಂತೆ. ಪರಿಚಯದ ಲೇತ್ ಅಂಗಡಿಯಲ್ಲಿ ಅದನ್ನು ಉಜ್ಜಿಸಿ ಮೆರುಗು ಕೊಡಿಸಬಹುದೇ ಎಂಬುದು ಅವರ ಪ್ರಶ್ನೆ.

ತೋಟಾದ ಬೆನ್ನಿಗೆ ಹೊಡೆತ ಕೊಡುವ ಭಾಗವನ್ನು ನಮ್ಮ ಹಿರಿಯರು ಕುದುರೆಯೆಂದರು. ನೆರೆಯ ತಮಿಳರೂ 'ಕುದಿರೈ' ಎಂದೇ ಕರೆದರು. ಹೆಬ್ಬೆರಳಿನಿಂದ ಎಳೆಯಲು ಅದಕ್ಕೊಂದು ಕೊಕ್ಕೆಯುಂಟು. ಅಮೆರಿಕದ ಕೋಲ್ಟ್ ಕಾರ್ಖಾನೆಯ ಫಿಟ್ಜ್‌ಜೆರಾಲ್ಡ್ ಎಂಬವರು 1920ರ ದಶಕದಲ್ಲಿಯೇ ಕೊಕ್ಕೆ ಕತ್ತರಿಸಿದ ಜೇಬುಗಾತ್ರದ ರಿವಾಲ್ವರುಗಳನ್ನು ಸಿದ್ಧಪಡಿಸಿದ್ದರು. 1952ರಲ್ಲಿ ಸ್ಮಿತ್ ಅಂಡ್ ವೆಸನ್ ಕಂಪನಿಯು ಕುದುರೆ ಪೂರ್ತಿ ಒಳಗೇ ಅಡಗಿರುವ ಮಾದರಿಯನ್ನು ಹೊರತಂದಿತು. ಆದಕಾರಣ ನಮ್ಮ ಬಂಧುಗಳ ಬಯಕೆ ಹೊಸದೂ ಅಲ್ಲ, ಹುಚ್ಚೂ ಅಲ್ಲ.

ಆದರೆ ಅದರ ಬೆಲೆಯನ್ನೂ ತಿಳಿಯಬೇಕು. ಕೊಕ್ಕೆ ಹೋದರೆ ಎತ್ತಿದ ಕುದುರೆಯನ್ನು ಹೆಬ್ಬೆರಳಿನಿಂದ ಮೆಲ್ಲಗೆ ಇಳಿಸುವ ಅನುಕೂಲವೂ ಹೋಗುತ್ತದೆ. ತೂಕ ಕುಗ್ಗಿದ ಕುದುರೆಯ ಹೊಡೆತ ಸಾಲದೆ ತೋಟಾ ಸಿಡಿಯದೇ ಉಳಿಯಲೂಬಹುದು. ಉಜ್ಜಿದ ಉಕ್ಕಿಗೆ ಮೇಲಿನ ಕಪ್ಪು ಲೇಪ ಇರದು; ಮೆಟ್ಟಿನ ಮಂಜಿಗೆ ತುಕ್ಕು ಹಿಡಿಯಲು ತಡವಾಗದು.

ಇದಕ್ಕಿಂತ ದೊಡ್ಡದು ಕಾನೂನಿನ ಮಾತು. 1959ರ ಆಯುಧ ಕಾಯಿದೆಯ 5ನೆಯ ಕಲಮಿನಂತೆ ಬಂದೂಕುಗಳ ದುರಸ್ತಿಗೂ ಮಾರ್ಪಾಟಿಗೂ ಪ್ರತ್ಯೇಕ ಪರವಾನಗಿ ಬೇಕು. ಇಟ್ಟುಕೊಳ್ಳುವ ಪರವಾನಗಿ ಅದಕ್ಕೆ ಸಲ್ಲದು. 2019ರ ತಿದ್ದುಪಡಿಯ ತರುವಾಯ ಈ ತಪ್ಪಿಗೆ ಕನಿಷ್ಠ 7 ವರ್ಷಗಳ ಸೆರೆ. ಅದು ಜೀವಾವಧಿಯವರೆಗೂ ಹೋಗಬಹುದು. ಸಲುಗೆಯಿಂದ ಅರ ಹಿಡಿದ ಲೇತಿನ ಹುಡುಗನೂ ಸಿಲುಕುವನು. ಮೆರುಗಿನ ಭರದಲ್ಲಿ ಆಯುಧದ ಸಂಖ್ಯೆ ಅಳಿಸಿದರೆ ಅದು ಬೇರೆಯೇ ಅಪರಾಧ.

ಇನ್ನೊಂದು ಮಾತು. ಪರವಾನಗಿಯಲ್ಲಿ ಬರೆದ ಪ್ರದೇಶದಾಚೆ ಆಯುಧ ಒಯ್ಯುವಂತಿಲ್ಲ. ಮೆಟ್ಟಿನ ಈಚೆ ತಮಿಳುನಾಡು, ಆಚೆ ಕೇರಳ. ಎರಡೂ ಕಡೆ ಬದುಕು ಹರಡಿಕೊಂಡ ನಮ್ಮವರಿಗೆ ಗಡಿ ಮರೆತುಹೋಗುವುದುಂಟು. ತಪಾಸಣೆಯ ಚೌಕಿಗೆ ಅದು ಮರೆಯದು.

ಹಾಗಾದರೆ ದಾರಿಯೇನು? ರಿವಾಲ್ವರನ್ನು ಅದಕ್ಕೆಂದೇ ಮಾಡಿದ ಚೀಲದಲ್ಲಿ, ಪೂರ್ತಿ ಮುಚ್ಚಿ ಒಯ್ಯಬೇಕೆಂದು 2016ರ ನಿಯಮಗಳೇ ಹೇಳುತ್ತವೆ. ಕೊಕ್ಕೆಯನ್ನೂ ಮುಚ್ಚುವ ಒಳ್ಳೆಯ ತೊಗಲಿನ ಚೀಲವಿದ್ದರೆ ಅರದ ಕೆಲಸವೇ ಇಲ್ಲ. ಬಟವಾಡೆಯನ್ನು ಬ್ಯಾಂಕಿನ ಮೂಲಕ ಮಾಡಿದರೆ ರಿವಾಲ್ವರಿನ ಕೆಲಸವೂ ಇಲ್ಲ.

ಬಂಧುಗಳು ಕೊಂಚ ಹೊತ್ತು ಸುಮ್ಮನಿದ್ದು, "ಮನೆಯಲ್ಲಿ ಮೊಮ್ಮಕ್ಕಳೂ ಓಡಾಡುತ್ತಾರೆ, ಸ್ವಾಮಿ" ಎಂದರು. ಅದಕ್ಕೆ ನಾವು ಹೇಳಿದ್ದಿಷ್ಟೆ: ಕುದುರೆಯನ್ನು ಉಜ್ಜಿಸುವ ಹಣದಲ್ಲಿ ಕಪಾಟಿಗೊಂದು ಗಟ್ಟಿಯಾದ ಬೀಗ ಹಾಕಿಸಿರಿ.