ಮೆಕ್ಯಾನಿಕ್ ಯಾವ ದರ್ಜೆಯ ಕುಶಲಕರ್ಮಿ?

ಬೆಂಗಳೂರಿನ ಜಯನಗರದ ಪಕ್ಕದ ತಿಲಕ್ ನಗರದಲ್ಲಿ ಎಂಜಿನ್ ಸದ್ದು ಕೇಳಿಯೇ ಟ್ಯಾಪೆಟ್ ಸಡಿಲವಾಗಿದೆ ಎಂದು ಹೇಳಬಲ್ಲ ಉಸ್ತಾದರಿದ್ದಾರೆ. ಹೊಸ ಸ್ಕೂಟರ್ ಬಂದರೆ ಅವರೂ ಮೊದಲು ನೋಡುವುದು ಮೀಟರಿನಲ್ಲಿ ಉರಿಯುವ ಎಂಜಿನ್ ದೀಪವನ್ನು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಕಾರ್ಬ್ಯುರೇಟರ್ ಹೋಗಿ ಇಂಜೆಕ್ಟರ್, ಸೆನ್ಸರ್ ಬಂದವು. ಸ್ಕ್ಯಾನರ್ ಹಚ್ಚಿ ಕೋಡ್ ಓದುವುದನ್ನು ಹುಡುಗರು ಕಲಿತರು, ಬಹಳಷ್ಟು ಯೂಟ್ಯೂಬ್ ನೋಡಿಯೇ. ಬಿಲ್ಲಿನಲ್ಲಿ ಲೇಬರ್ ಚಾರ್ಜ್ ಏರಿತು. ಅದರಲ್ಲಿ ಕೆಲಸ ಕಲಿತವನ ಪಾಲೆಷ್ಟು ಎಂಬುದು ಮಾಲೀಕರ ಮರ್ಜಿಗೆ ಬಿಟ್ಟದ್ದು.

ಬಿಟಿಎಂ ಬಡಾವಣೆಯಿಂದ ತುಸು ಆಚೆ, ಡೇರಿ ಸರ್ಕಲ್ ಬಳಿ ಕಾರ್ಮಿಕ ಇಲಾಖೆಯ ಕಾರ್ಮಿಕ ಭವನವಿದೆ, ಹತ್ತಿರದಲ್ಲೇ ಕೌಶಲ್ಯ ಭವನವೂ ಇದೆ. ಕೂಲಿ ನಿಗದಿ ಮಾಡುವವರು, ಕೌಶಲಕ್ಕೆ ಪ್ರಮಾಣಪತ್ರ ಕೊಡಿಸುವವರು ಒಂದೇ ರಸ್ತೆಯಲ್ಲಿದ್ದಾರೆ. ಒಬ್ಬರ ಕಾಗದ ಇನ್ನೊಬ್ಬರ ಕಡತ ಸೇರುವುದಿಲ್ಲ, ಅಷ್ಟೇ.

ಐಟಿಐಯ ಎರಡು ವರ್ಷದ ಮೋಟಾರ್ ಮೆಕ್ಯಾನಿಕ್ ಕೋರ್ಸ್ ಮುಗಿಸಿದವನು ಬಿಎಂಟಿಸಿ ಡಿಪೊ ಸೇರಿದರೆ ವೇತನ ಶ್ರೇಣಿ ಸಿಗುತ್ತದೆ. ಅದೇ ಪ್ರಮಾಣಪತ್ರ ಹಿಡಿದು ಜೆ.ಪಿ. ನಗರದ ಗ್ಯಾರೇಜಿಗೆ ಹೋದರೆ ಒಂದು ರೂಪಾಯಿ ಹೆಚ್ಚು ಸಿಗುವ ಖಾತರಿ ಇಲ್ಲ. ಕೆಲಸ ಮಾಡುತ್ತಲೇ ಕಲಿತವರನ್ನು ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆ 2015ರಲ್ಲಿ ಶುರುವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿತ್ತು. ತೇರ್ಗಡೆಯಾದವರಿಗೆ ಒಂದು ಸಲ 500 ರೂಪಾಯಿ ಕೊಡುವ ಏರ್ಪಾಡೂ ಇತ್ತು. ತಿಂಗಳ ಸಂಬಳಕ್ಕೆ ಮುಟ್ಟದ ಪ್ರಮಾಣಪತ್ರವನ್ನು ಯಾರು ಯಾಕೆ ಬಯಸಬೇಕು?

ಸರ್ಕಾರದ ಕಣ್ಣಿಗೆ ಮೆಕ್ಯಾನಿಕ್ ಬೀಳುವುದು ಕಷ್ಟಕಾಲದಲ್ಲಿ. 2021ರ ಲಾಕ್‌ಡೌನ್‌ನಲ್ಲಿ ಟೈಲರ್, ಕ್ಷೌರಿಕ, ಹಮಾಲರ ಜತೆ ಅವರಿಗೂ 2,000 ರೂಪಾಯಿ ಪರಿಹಾರ ಘೋಷಣೆಯಾಯಿತು. ಮೋಟಾರು ಸಾರಿಗೆ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು 2024ರಲ್ಲಿ ರಾಜ್ಯ ತಂದ ಕಾಯ್ದೆಯೂ ಅವರನ್ನು ಒಳಗೊಂಡಿದೆ. ಒಳ್ಳೆಯದೇ. ಆದರೆ ಅಪಘಾತ ವಿಮೆಗೆ ನೋಂದಾಯಿಸುವಾಗ ಪಂಕ್ಚರ್ ಹಾಕುವವನಿಗೂ ಎಬಿಎಸ್ ದುರಸ್ತಿ ಮಾಡುವವನಿಗೂ ವ್ಯತ್ಯಾಸ ಬೇಕಿಲ್ಲ, ಕೂಲಿಗೆ ಬೇಕು.

ದಾರಿ ಕಾನೂನಿನಲ್ಲೇ ಇದೆ. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆ ಕನಿಷ್ಠ ಕೂಲಿ ನಿಗದಿಗೆ ಅಕುಶಲ, ಅರೆಕುಶಲ, ಕುಶಲ, ಅತಿಕುಶಲ ಎಂಬ ವರ್ಗಗಳನ್ನು ಹೇಳುತ್ತದೆ. ಯಾವ ಪ್ರಮಾಣಪತ್ರಕ್ಕೆ ಯಾವ ದರ್ಜೆ ಎಂದು ರಾಜ್ಯದ ಅಧಿಸೂಚನೆಯಲ್ಲಿ ಬರೆದರೆ ಹೆಚ್ಚುವರಿ ಸಂಬಳ ಯಾರ ಕೃಪೆಯೂ ಆಗುವುದಿಲ್ಲ.

ಹಾಗಂತ ಜರ್ಮನಿಯಂತೆ ಮಾಸ್ಟರ್ ಪರೀಕ್ಷೆ ಪಾಸಾದವರು ಇರುವಲ್ಲಿ ಮಾತ್ರ ಗ್ಯಾರೇಜ್ ಎಂದರೆ ಬನಶಂಕರಿಯ ಅರ್ಧಕ್ಕರ್ಧ ಶಟರ್ ಎಳೆಯಬೇಕಾದೀತು. ಅಮೆರಿಕದಲ್ಲಿ 1972ರಿಂದ ನಡೆಯುತ್ತಿರುವ ಎಎಸ್‌ಇ ಪರೀಕ್ಷೆ ಕಡ್ಡಾಯವಲ್ಲ, ನಮಗೆ ಒಗ್ಗುವುದು ಅದು. ಕಡ್ಡಾಯ ಬೇಕಾದದ್ದು ಎಲೆಕ್ಟ್ರಿಕ್ ಕಾರಿನ ಬ್ಯಾಟರಿ ಬಿಚ್ಚುವ ಕೆಲಸಕ್ಕೆ. ನೂರಾರು ವೋಲ್ಟ್ ಇರುವ ಕಡೆ ಅಂದಾಜಿನ ಕೈ ಸಲ್ಲದು.

ಪ್ರಮಾಣಪತ್ರ ಕೊಡಿಸಿದರೆ ಹುಡುಗ ಮಾರನೇ ದಿನ ಶೋರೂಮಿಗೆ ಹೋಗಿಬಿಡುತ್ತಾನೆ ಎಂಬುದು ಮಾಲೀಕರ ಭಯ. ಹೋಗಲಿ ಬಿಡಿ, ಈಗಲೂ ಹೋಗುತ್ತಿದ್ದಾನೆ. ನಿಜವಾದ ತೊಡಕು ಬೇರೆ: ಪರೀಕ್ಷೆಗೆ ಹೋದ ದಿನ ಅವನಿಗೆ ಕೂಲಿ ಇಲ್ಲ, ಗ್ಯಾರೇಜಿಗೆ ಕೈ ಇಲ್ಲ. ಹೊಸ ದ್ವಿಚಕ್ರ ವಾಹನಕ್ಕೆ 500, ಕಾರಿಗೆ 1,000 ರೂಪಾಯಿ ಉಪಕರವನ್ನು ಸಾರಿಗೆ ಕಾರ್ಮಿಕರ ಹೆಸರಿನಲ್ಲೇ ವಿಧಿಸಲಾಗಿದೆ. ಆ ನಿಧಿಯಿಂದ ಪರೀಕ್ಷೆಯ ದಿನದ ಕೂಲಿ ಕೊಡಬಹುದು, ಪರೀಕ್ಷಕರನ್ನೇ ಗ್ಯಾರೇಜಿಗೆ ಕಳಿಸಬಹುದು.