ಯಂತ್ರದ ಓಟ, ಮಕ್ಕಳ ಕ್ಷೇಮ



ಕಳೆದ ತಿಂಗಳು ನಮ್ಮ ಕೈಸೇರಿದ ಪತ್ರಗಳಲ್ಲಿ ಮಾಗಡಿ ಕಡೆಯ ತಾಯಿಯೊಬ್ಬರದು ನಮ್ಮನ್ನು ಬಹಳ ಹೊತ್ತು ಯೋಚನೆಗೆ ಹಚ್ಚಿತು. ಎಂಟನೆಯ ತರಗತಿಯಲ್ಲಿ ಓದುತ್ತಿರುವ ಅವರ ಮಗಳು ಶಾಲೆಯ ಗೆಳತಿಯರೊಡನೆ ಸೇರಿ ಯಂತ್ರಮಾನವ ಕ್ರೀಡಾಸ್ಪರ್ಧೆಗೆ ಹೆಸರು ಕೊಟ್ಟಿದ್ದಾಳೆ. ನಿಯಮಗಳನ್ನು ಅಚ್ಚುಹಾಕಿಸಿದ ಹಾಳೆಯೊಂದು ಮನೆಗೆ ಬಂದಿದೆ. ಅದರಲ್ಲಿ ಸ್ಪರ್ಧಿಗಳ ಕೊರಳಲ್ಲಿ ಸರ, ದಾರ, ತಾಯಿತ ಯಾವುದೂ ಇರಕೂಡದೆಂದು ಬರೆದಿದೆಯಂತೆ. ಮಗು ಲಿಂಗದೀಕ್ಷೆ ಪಡೆದವಳು. ‘ಲಿಂಗವನ್ನು ತೆಗೆದಿಟ್ಟು ಹೋಗೆಂದು ಹೇಳಲು ಬಾಯಿ ಬರುವುದಿಲ್ಲ, ಸ್ಪರ್ಧೆಯೇ ಬೇಡವೆಂದರೆ ಮಗುವಿನ ಮುಖ ನೋಡಲಾಗುವುದಿಲ್ಲ. ಮನೆಯಲ್ಲಿ ಅತ್ತೆಯವರು ಒಂದು ಹೇಳುತ್ತಾರೆ, ಯಜಮಾನರು ಒಂದು ಹೇಳುತ್ತಾರೆ. ತಾವೇ ತಿಳಿಸಬೇಕು’ ಎಂದು ಅವರು ಬರೆದಿದ್ದಾರೆ.

ಉತ್ತರ ಕೊಡುವ ಮುನ್ನ ಈ ಸ್ಪರ್ಧೆ ಏನೆಂಬುದನ್ನು ಮನೆಯ ಹಿರಿಯರಿಗೆ ಸ್ವಲ್ಪ ತಿಳಿಸುವುದು ಅವಶ್ಯ. ಮನುಷ್ಯರು ಓಡುವ, ಜಿಗಿಯುವ, ಎಸೆಯುವ ಆಟಗಳನ್ನು ಯಂತ್ರಗಳಿಂದ ಆಡಿಸುವುದೇ ಇದು. ಕೆಲವು ಯಂತ್ರಗಳಿಗೆ ಗಾಲಿ, ಕೆಲವಕ್ಕೆ ಕಾಲು. ಕೆಲವನ್ನು ಮಕ್ಕಳು ದೂರದಿಂದ ರಿಮೋಟ್ ಹಿಡಿದು ನಡೆಸುತ್ತಾರೆ. ಕೆಲವು ಮೊದಲೇ ಬರೆದಿಟ್ಟ ಸೂಚನೆಯಂತೆ ತಾವೇ ನಡೆಯುತ್ತವೆ. 2016ರಲ್ಲಿ ಕೇಂದ್ರ ಸರ್ಕಾರವು ಅಟಲ್ ಟಿಂಕರಿಂಗ್ ಪ್ರಯೋಗಾಲಯಗಳ ಯೋಜನೆಯನ್ನು ಆರಂಭಿಸಿ, ಆಯ್ದ ಶಾಲೆಗಳಿಗೆ 20 ಲಕ್ಷ ರೂಪಾಯಿಗಳವರೆಗೆ ನೆರವು ನೀಡತೊಡಗಿದ ಮೇಲೆ ಆರನೆಯ ತರಗತಿಯಿಂದಲೇ ಮಕ್ಕಳ ಕೈಗೆ ಮೋಟಾರು, ಸಂವೇದಕ, ಬ್ಯಾಟರಿಗಳು ಬಂದಿವೆ. ಇದು ಮಹಾನಗರದ ಮಕ್ಕಳ ಆಟವೆಂದು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ಮನೆಗಳು ತಿಳಿಯಬೇಕಾಗಿಲ್ಲ. ಬಿಡದಿಯಲ್ಲಿ ಮೋಟಾರು ವಾಹನಗಳ ದೊಡ್ಡ ಕಾರ್ಖಾನೆ ಕಾರು ತಯಾರಿಸಲಾರಂಭಿಸಿ ಕಾಲು ಶತಮಾನ ಕಳೆದಿದೆ. ಅಲ್ಲಿ ದುಡಿಯುವವರ ಮಕ್ಕಳು ಯಂತ್ರದ ಮಾತನ್ನು ಊಟದ ಹೊತ್ತಿನಲ್ಲಿಯೇ ಕೇಳಿ ಬೆಳೆಯುತ್ತಾರೆ.

ಮಠ ಮಾನ್ಯಗಳಿಗೂ ಯಂತ್ರಕ್ಕೂ ಏನು ಸಂಬಂಧವೆಂದು ಕೇಳುವವರು ನಮ್ಮಲ್ಲಿ ಇನ್ನೂ ಇದ್ದಾರೆ. ಮಾಗಡಿ ತಾಲ್ಲೂಕಿನ ವೀರಾಪುರದಲ್ಲಿ 1907ರಲ್ಲಿ ಜನಿಸಿದ ಡಾ. ಶಿವಕುಮಾರ ಮಹಾಸ್ವಾಮಿಗಳವರ ಕಾಲದಲ್ಲಿಯೇ, 1963ರಲ್ಲಿ, ತುಮಕೂರಿನಲ್ಲಿ ಸಿದ್ಧಗಂಗಾ ತಾಂತ್ರಿಕ ಮಹಾವಿದ್ಯಾಲಯ ಆರಂಭವಾಯಿತೆಂಬುದನ್ನು ಅಂಥವರಿಗೆ ನೆನಪಿಸಿ ಮುಂದೆ ಹೋಗೋಣ.

ಇತ್ತೀಚಿನ ವರ್ಷಗಳಲ್ಲಿ ಈ ಆಟವು ಜಗತ್ತಿನ ಗಮನ ಸೆಳೆದದ್ದು ಚೀನಾದ ರಾಜಧಾನಿಯಲ್ಲಿ. 2025ರ ಏಪ್ರಿಲ್ 19ರಂದು ಬೀಜಿಂಗಿನಲ್ಲಿ ನಡೆದ 21 ಕಿಲೋಮೀಟರಿನ ಅರ್ಧ ಮ್ಯಾರಥಾನಿನಲ್ಲಿ ಸಾವಿರಾರು ಮನುಷ್ಯರ ಜೊತೆಗೆ 21 ಯಂತ್ರಮಾನವರೂ ಓಡಿದರು. ಜೊತೆಗೆ ಎಂದೆವಾದರೂ ಒಂದೇ ಪಥದಲ್ಲಿ ಅಲ್ಲ. ನಡುವೆ ತಡೆಗೋಡೆ ಇತ್ತು. ಯಂತ್ರಗಳನ್ನು ಒಟ್ಟಿಗೆ ಬಿಡದೆ ಒಂದಾದ ಮೇಲೊಂದರಂತೆ ಅಂತರವಿಟ್ಟು ಬಿಟ್ಟರು. ನಡುದಾರಿಯಲ್ಲಿ ಬ್ಯಾಟರಿ ಬದಲಿಸಲು ಅವಕಾಶವಿತ್ತು. ಕೆಟ್ಟ ಯಂತ್ರಕ್ಕೆ ಬದಲಾಗಿ ಇನ್ನೊಂದನ್ನು ಇಳಿಸಿದರೆ ಕಾಲದ ದಂಡ ಬೀಳುತ್ತಿತ್ತು. ಇಷ್ಟೆಲ್ಲ ಕಟ್ಟುಪಾಡುಗಳಿದ್ದೂ ಒಂದು ಯಂತ್ರ ಹೊರಟ ಕೆಲವೇ ಮೀಟರುಗಳಲ್ಲಿ ಕಟಾಂಜನಕ್ಕೆ ಗುದ್ದಿ, ಅದನ್ನು ನಡೆಸುತ್ತಿದ್ದ ಮನುಷ್ಯನನ್ನೂ ಬೀಳಿಸಿತು. ಗೆದ್ದ ‘ಟಿಯಾಂಗಾಂಗ್ ಅಲ್ಟ್ರಾ’ ಎಂಬ ಯಂತ್ರಕ್ಕೆ ಗುರಿ ಮುಟ್ಟಲು 2 ಗಂಟೆ 40 ನಿಮಿಷ ಹಿಡಿಯಿತು. ಮನುಷ್ಯರಲ್ಲಿ ಮೊದಲಿಗನಾದವನು ಒಂದು ಗಂಟೆ ಎರಡು ನಿಮಿಷದಲ್ಲಿ ಮುಗಿಸಿದ್ದ. ಓದುಗರು ನಗಬಹುದು. ನಾವೂ ನಕ್ಕೆವು.

ಅದೇ ವರ್ಷದ ಆಗಸ್ಟಿನಲ್ಲಿ ಅದೇ ನಗರದಲ್ಲಿ ಯಂತ್ರಮಾನವರ ಜಾಗತಿಕ ಕ್ರೀಡಾಕೂಟ ನಡೆಯಿತು. 16 ದೇಶಗಳ 280 ತಂಡಗಳು ಭಾಗವಹಿಸಿದವು. 1500 ಮೀಟರ್ ಓಟವನ್ನು ಗೆದ್ದ ಯಂತ್ರ 6 ನಿಮಿಷ 34 ಸೆಕೆಂಡು ತೆಗೆದುಕೊಂಡಿತು. ಆ ಕೂಟದಲ್ಲಿ ನಗುವಂತಿಲ್ಲದ ಒಂದು ಸಂಗತಿಯೂ ನಡೆಯಿತು. ಓಡುತ್ತಿದ್ದ ಯಂತ್ರವೊಂದು ಪಥದಲ್ಲಿದ್ದ ವ್ಯಕ್ತಿಯೊಬ್ಬರಿಗೆ ಡಿಕ್ಕಿ ಹೊಡೆದು ನೆಲಕ್ಕುರುಳಿಸಿ, ಹಿಂದಿರುಗಿ ನೋಡದೆ ತನ್ನ ಪಾಡಿಗೆ ತಾನು ಓಡಿಹೋಯಿತು. ಓಡುವ ಹುಡುಗನಾಗಿದ್ದರೆ ‘ಅಯ್ಯೋ’ ಎಂದು ನಿಲ್ಲುತ್ತಿದ್ದ. ಯಂತ್ರಕ್ಕೆ ಆ ‘ಅಯ್ಯೋ’ ಇಲ್ಲ. ಅದನ್ನು ನಿಯಮದ ರೂಪದಲ್ಲಿ ನಾವೇ ಹೊರಗಿನಿಂದ ತುಂಬಬೇಕು.

ತಾಲ್ಲೂಕು ಮಟ್ಟದ ಶಾಲಾ ಕ್ರೀಡಾಕೂಟವನ್ನು ನೋಡದವರು ಯಾರಿದ್ದಾರೆ? ಭರ್ಜಿ ಎಸೆಯುವ ಕಡೆ ಸುಣ್ಣದ ಗೆರೆ ಎಳೆದು, ಹಗ್ಗ ಕಟ್ಟಿ, ದೈಹಿಕ ಶಿಕ್ಷಕರು ಸೀಟಿ ಊದುವವರೆಗೆ ಒಂದು ಹುಳುವನ್ನೂ ಒಳಗೆ ಬಿಡುವುದಿಲ್ಲ. ಯಂತ್ರದ ಆಟಕ್ಕೂ ಮೊದಲ ನಿಯಮ ಅದೇ: ಯಂತ್ರ ಚಲಿಸುವಾಗ ಗೆರೆಯೊಳಗೆ ಮನುಷ್ಯ ಇರಕೂಡದು. ಕಾರ್ಖಾನೆಗಳಲ್ಲಿ ಯಂತ್ರದ ತೋಳುಗಳು ಬೆಸುಗೆ ಹಾಕುವ ಜಾಗಕ್ಕೆ ಬೇಲಿ ಹಾಕಿ, ಬೇಲಿಯ ಬಾಗಿಲು ತೆರೆದೊಡನೆ ತೋಳು ಸ್ತಬ್ಧವಾಗುವಂತೆ ವ್ಯವಸ್ಥೆ ಮಾಡುವುದು ಈ ಕಾರಣಕ್ಕೇ. 1979ರಲ್ಲಿ ಅಮೆರಿಕದ ಮಿಷಿಗನ್ ಪ್ರಾಂತದ ಕಾರ್ಖಾನೆಯೊಂದರಲ್ಲಿ ಯಂತ್ರದ ತೋಳಿನ ಹೊಡೆತಕ್ಕೆ ಕಾರ್ಮಿಕನೊಬ್ಬ ಪ್ರಾಣ ತೆತ್ತನು. ಶಾಲೆಯ ಯಂತ್ರಕ್ಕೆ ಅಷ್ಟು ಬಲವಿಲ್ಲವೆಂಬುದು ನಿಜ. ಆದರೆ ಒಂದು ಬೆರಳು ಜಜ್ಜಲು, ಒಂದು ಕಣ್ಣಿಗೆ ಚೂರು ಸಿಡಿಯಲು ಅಷ್ಟು ಬಲ ಬೇಕಾಗಿಯೂ ಇಲ್ಲ.

ಎರಡನೆಯ ಮಾತು ನಿಲ್ಲಿಸುವುದರ ಬಗ್ಗೆ. ನಮ್ಮ ಜಾತ್ರೆಗಳಲ್ಲಿ ತೇರು ಎಳೆಯುವವರು ನೂರಾರು ಜನ. ಆದರೆ ಹಿರಿಯರ ಕಣ್ಣು ಇರುವುದು ಗಾಲಿಯ ಪಕ್ಕದಲ್ಲಿ ಮರದ ದಿಮ್ಮಿ ಹಿಡಿದು ನಡೆಯುವ ನಾಲ್ಕಾರು ಮಂದಿಯ ಮೇಲೆ. ತೇರು ಓಡಿಸುವುದು ಉತ್ಸಾಹ, ನಿಲ್ಲಿಸುವುದು ವಿದ್ಯೆ. ಏಷ್ಯಾ ಮತ್ತು ಪೆಸಿಫಿಕ್ ರಾಷ್ಟ್ರಗಳ ಇಂಜಿನಿಯರಿಂಗ್ ವಿದ್ಯಾರ್ಥಿಗಳಿಗಾಗಿ 2002ರಿಂದ ನಡೆದುಬಂದಿರುವ ‘ರೋಬೊಕಾನ್’ ಸ್ಪರ್ಧೆಯಲ್ಲಿ ಪ್ರತಿಯೊಂದು ಯಂತ್ರದ ಮೇಲೂ ಎದ್ದುಕಾಣುವಂತೆ ಕೆಂಪು ಗುಂಡಿಯೊಂದು ಇರಲೇಬೇಕು. ಒತ್ತಿದರೆ ಯಂತ್ರ ತಕ್ಷಣ ನಿಲ್ಲಬೇಕು. ವಿದ್ಯುತ್ತು 24 ವೋಲ್ಟ್ ಮೀರಕೂಡದು. ಗಾಳಿಯ ಒತ್ತಡಕ್ಕೂ ಮಿತಿಯುಂಟು. ಮೈದಾನಕ್ಕೆ ಇಳಿಯುವ ವಿದ್ಯಾರ್ಥಿಗಳು ಶಿರಸ್ತ್ರಾಣ, ರಕ್ಷಣಾ ಕನ್ನಡಕ, ರಬ್ಬರ್ ಅಟ್ಟೆಯ ಬೂಟು ಧರಿಸಬೇಕು. 2014ರಲ್ಲಿ ಈ ಸ್ಪರ್ಧೆ ನಮ್ಮ ದೇಶದ ಪುಣೆಯಲ್ಲಿಯೇ ನಡೆದಾಗ ಅದರ ವಿಷಯ ತಂದೆತಾಯಿಯರಿಗೆ ನಮನ ಎಂಬುದಾಗಿತ್ತು. ದೊಡ್ಡ ಯಂತ್ರವೊಂದು ತಂದೆಯಂತೆ ಪುಟ್ಟ ಯಂತ್ರವೊಂದನ್ನು ಉಯ್ಯಾಲೆಯ ಮೇಲೂ ಏರಾಟದ ಹಲಗೆಯ ಮೇಲೂ ಆಡಿಸುವುದು ಆ ವರ್ಷದ ಆಟ. ಇಂಥದನ್ನು ನೋಡಿದರೆ ಯಂತ್ರವಿದ್ಯೆ ಮನಸ್ಸನ್ನು ಒಣಗಿಸುತ್ತದೆಂಬ ದೂರು ಸ್ವಲ್ಪ ಕಡಿಮೆಯಾದೀತು.

ಕೆಂಪು ಗುಂಡಿ ಇದ್ದರೆ ಸಾಲದು. ರಿಮೋಟಿನ ಸಂಪರ್ಕ ಕಡಿದುಹೋದರೆ ಯಂತ್ರ ಏನು ಮಾಡುತ್ತದೆ? ಕೊನೆಯದಾಗಿ ಸಿಕ್ಕ ಆಜ್ಞೆಯನ್ನೇ ಹಿಡಿದು ಮುಂದೆ ಹೋಗುತ್ತಿದ್ದರೆ ಅದು ಹಗ್ಗ ಹರಿದ ಹೋರಿಯಂತೆ. ಯಂತ್ರವನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಗಾಲಿ ತಿರುಗುತ್ತಿರುವಾಗಲೇ ರಿಮೋಟನ್ನು ಆರಿಸಿ ನೋಡಬೇಕು. ಗಾಲಿ ನಿಂತರೆ ಸರಿ. ನಿಲ್ಲದಿದ್ದರೆ ಆ ಯಂತ್ರವನ್ನು ಮೈದಾನಕ್ಕೆ ಬಿಡಬಾರದು. ಈ ಪರೀಕ್ಷೆಗೆ ಒಂದು ನಿಮಿಷವೂ ಬೇಡ. ಯಾವ ತಂದೆಯಾದರೂ ತಾಯಿಯಾದರೂ ಮನೆಯಲ್ಲಿಯೇ ಮಾಡಬಹುದು.

ಬ್ಯಾಟರಿಯ ವಿಚಾರದಲ್ಲಿ ನಾವು ಕೊಂಚ ಕಠಿಣವಾಗಿಯೇ ಬರೆಯುತ್ತೇವೆ. ನಮ್ಮ ಬಂಧುಗಳೊಬ್ಬರ ಮನೆಯಲ್ಲಿ ಹುಡುಗ ತನ್ನ ಯಂತ್ರದ ಲಿಥಿಯಂ ಬ್ಯಾಟರಿಯನ್ನು ರಾತ್ರಿಯಿಡೀ ಚಾರ್ಜಿಗೆ ಹಾಕಿ ಮಲಗಿದ್ದ. ಬೆಳಗಿನ ಜಾವ ಅದು ಪೂರಿಯಂತೆ ಉಬ್ಬಿ, ಹೊಗೆಯೆದ್ದು, ಮೇಜಿನ ಬಟ್ಟೆ ಸುಟ್ಟಿತು. ಅಜ್ಜಿ ಪೂಜೆಗೆಂದು ಬೇಗ ಎದ್ದಿದ್ದರಿಂದ ಅಷ್ಟಕ್ಕೇ ಉಳಿಯಿತು. ಇಂಥ ಬ್ಯಾಟರಿಯ ಒಂದೊಂದು ಕೋಶಕ್ಕೂ 4.2 ವೋಲ್ಟಿನ ಮೇಲೆ ತುಂಬಬಾರದು, 3 ವೋಲ್ಟಿನ ಕೆಳಗೆ ಇಳಿಸಬಾರದು. ಆದ್ದರಿಂದ ಅದಕ್ಕೆಂದೇ ಮಾಡಿದ ಚಾರ್ಜರನ್ನೇ ಬಳಸಬೇಕು. ಎದುರಿಗೆ ಒಬ್ಬರು ಎಚ್ಚರವಾಗಿ ಕುಳಿತಿರಬೇಕು. ಹಾಸಿಗೆ, ಪುಸ್ತಕ, ಪರದೆಗಳ ಹತ್ತಿರ ಇಡಬಾರದು. ಉಬ್ಬಿದ, ಚುಚ್ಚಿದ, ಕೆಳಗೆ ಬಿದ್ದು ಜಜ್ಜಿದ ಬ್ಯಾಟರಿಯನ್ನು ‘ಇನ್ನೊಂದು ಸಲ ನಡೆಯುತ್ತದೆ’ ಎಂದು ಬಳಸುವುದು ಜಿಪುಣತನವಲ್ಲ, ಅವಿವೇಕ. ಚಾರ್ಜು ಮಾಡುವ ಸ್ಥಳದಲ್ಲಿ ಮರಳು ತುಂಬಿದ ಬಕೆಟ್ಟು ಇರಲಿ. ಹೊಗೆ ಕಂಡರೆ ಮಕ್ಕಳು ಮೊದಲು ಹೊರಗೆ ಬರಲಿ. ಆ ಹೊಗೆ ಶ್ವಾಸಕ್ಕೆ ಕೆಟ್ಟದ್ದು. ಯಂತ್ರ ಸುಟ್ಟರೆ ಸುಡಲಿ.

ತಂದೆತಾಯಿಯರಿಗೆ ಸಂಬಂಧಿಸಿದ ನಿಯಮವೊಂದುಂಟು. ಅದನ್ನು ಹೇಳಿದರೆ ಕೆಲವರಿಗೆ ಬೇಸರವಾದೀತು. 2016ರಲ್ಲಿ ನವದೆಹಲಿಯಲ್ಲಿಯೂ ನಡೆದ ‘ವರ್ಲ್ಡ್ ರೋಬೊಟ್ ಒಲಿಂಪಿಯಾಡ್’ ಎಂಬ ಮಕ್ಕಳ ಸ್ಪರ್ಧೆಯಲ್ಲಿ ಇಬ್ಬರು ಅಥವಾ ಮೂವರು ಮಕ್ಕಳ ತಂಡಕ್ಕೆ ಒಬ್ಬ ಮಾರ್ಗದರ್ಶಿ ಇರುತ್ತಾರೆ. ಸ್ಪರ್ಧೆ ನಡೆಯುವಾಗ ಯಂತ್ರವನ್ನು ಕಟ್ಟುವುದೂ ಸೂಚನೆ ಬರೆಯುವುದೂ ಮಕ್ಕಳ ಕೆಲಸವೇ ಹೊರತು ಮಾರ್ಗದರ್ಶಿಯದಲ್ಲ. ಸಾಲದೆಂಬಂತೆ ಅಂದು ಬೆಳಿಗ್ಗೆ ಹೊಸದೊಂದು ನಿಯಮವನ್ನು ಪ್ರಕಟಿಸುವ ಪದ್ಧತಿಯೂ ಇದೆ; ಮನೆಯಲ್ಲಿ ಅಪ್ಪ ಬರೆದುಕೊಟ್ಟದ್ದನ್ನು ಗಿಳಿಪಾಠ ಒಪ್ಪಿಸುವ ಮಗು ಅಲ್ಲಿ ಸಿಕ್ಕಿಬೀಳುತ್ತದೆ. ಇದರಲ್ಲಿ ಕ್ಷೇಮದ ಮಾತೂ ಇದೆ. ತಾನು ಕಟ್ಟದ ಯಂತ್ರದ ಯಾವ ತಂತಿ ಎಲ್ಲಿಗೆ ಹೋಗುತ್ತದೆಂದು ಮಗುವಿಗೆ ತಿಳಿಯದು. ಹೊಗೆ ಬಂದಾಗ ಯಾವುದನ್ನು ಕೀಳಬೇಕೆಂದೂ ತಿಳಿಯದು. ಹೆಣ್ಣುಮಕ್ಕಳನ್ನು ಯಂತ್ರಕ್ಕೆ ಬಣ್ಣ ಹಚ್ಚಲು, ಭಿತ್ತಿಪತ್ರ ಬರೆಯಲು ಕೂರಿಸಿ ಸ್ಕ್ರೂಡ್ರೈವರನ್ನು ಗಂಡುಮಕ್ಕಳ ಕೈಗೆ ಕೊಡುವ ಶಾಲೆಗಳನ್ನೂ ನಾವು ನೋಡಿದ್ದೇವೆ. ಅಕ್ಕಮಹಾದೇವಿಯ ಹೆಸರಿನಲ್ಲಿ ಬಳಗ ಕಟ್ಟಿಕೊಂಡಿರುವ ನಮ್ಮ ತಾಯಂದಿರು ಇದನ್ನು ಸುಮ್ಮನೆ ಒಪ್ಪಿಕೊಳ್ಳಬಾರದು.

ಚಕ್ರಗಳು ತಿರುಗುವ ಕತ್ತಿಗಳಾಗಿ ಒಂದನ್ನೊಂದು ಕಡಿದುಕೊಳ್ಳುವ ಯಂತ್ರಯುದ್ಧದ ಆಟಗಳಿಗೆ ಶಾಲೆಯ ಮಕ್ಕಳನ್ನು ಕಳುಹಿಸುವುದು ನಮಗೆ ಒಪ್ಪಿಗೆಯಿಲ್ಲ. ಓಟ, ಏರು, ಎಸೆತ ಇವೇ ಸಾಕು. ಅಂಚುಗಳ ವಿಷಯದಲ್ಲಿ ಚನ್ನಪಟ್ಟಣದ ಬೊಂಬೆಯವರಿಂದ ಕಲಿಯುವುದು ಬೇಕಾದಷ್ಟಿದೆ. ಆಲೆ ಮರವನ್ನು ಲೇತಿನ ಮೇಲೆ ತಿರುಗಿಸಿ, ಅರಗಿನ ಬಣ್ಣವನ್ನು ಕಾವಿಗೆ ಕರಗಿಸಿ ಹಿಡಿದು ಅವರು ಮಾಡಿದ ಬೊಂಬೆಯ ಮೇಲೆ ಬೆರಳಾಡಿಸಿದರೆ ಚುಚ್ಚುವ ಮೂಲೆ ಒಂದೂ ಸಿಗುವುದಿಲ್ಲ. 2021ರ ಜನವರಿಯಿಂದ ಆಟಿಕೆಗಳ ಗುಣಮಟ್ಟಕ್ಕೆ ಸರ್ಕಾರ ಕಡ್ಡಾಯ ನಿಯಮ ತಂದಿದೆ. ನಮ್ಮ ಕುಶಲಕರ್ಮಿಗಳ ಕೈ ಅದಕ್ಕೂ ಬಹಳ ಹಿಂದೆಯೇ ಆ ನಿಯಮವನ್ನು ತಿಳಿದಿತ್ತು. ಯಂತ್ರದ ಗಾಲಿಯನ್ನು ದೂರದ ಊರಿನಿಂದ ತರಿಸುವ ಬದಲು ಅಲ್ಲಿಯೇ ಏಕೆ ತಿರುಗಿಸಿಕೊಳ್ಳಬಾರದೆಂದು ನಮಗೆ ಅನೇಕ ಸಲ ಅನಿಸಿದೆ.

ಈಗ ಮಾಗಡಿಯ ತಾಯಿಯ ಪ್ರಶ್ನೆಗೆ ಬರೋಣ.

ತಿರುಗುವ ಯಂತ್ರದ ಬಳಿ ಜೋಲಾಡುವುದು ಏನೂ ಇರಬಾರದೆಂಬುದನ್ನು ನಮ್ಮ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಹಿಟ್ಟಿನ ಗಿರಣಿಯ ಬೆಲ್ಟಿನ ಹತ್ತಿರ ಹೋಗುವಾಗ ಸೆರಗು ಸಿಕ್ಕಿಸಿಕೊಳ್ಳುತ್ತಾರೆ. ರಾಮನಗರದ ರೇಷ್ಮೆ ನೂಲು ಬಿಚ್ಚುವ ಮನೆಗಳಲ್ಲಿ ದುಡಿದವರು ಜಡೆ ಮೇಲೆ ಕಟ್ಟುತ್ತಾರೆ. ಸ್ಪರ್ಧೆಯವರ ನಿಯಮದ ಉದ್ದೇಶವೂ ಇದಿಷ್ಟೇ. ಬಗ್ಗಿ ಕೆಲಸ ಮಾಡುವಾಗ ಕೊರಳ ದಾರ ಗಾಲಿಗೆ ಸುತ್ತಿಕೊಂಡರೆ ಕುತ್ತಿಗೆಗೇ ಅಪಾಯ. ಬೆಳ್ಳಿಯ ಕರಡಿಗೆ ಬ್ಯಾಟರಿಯ ಎರಡು ತುದಿಗಳಿಗೆ ಏಕಕಾಲದಲ್ಲಿ ತಾಗಿದರೆ ಕಿಡಿ ಹಾರುತ್ತದೆ. ಈ ಎರಡು ಭಯಗಳೂ ನಿಜವಾದವು. ಅವುಗಳನ್ನು ಧರ್ಮದ ಮೇಲಿನ ಆಕ್ಷೇಪಣೆಯೆಂದು ತಿಳಿದು ಜಗಳಕ್ಕೆ ಹೋಗುವುದು ಸರಿಯಲ್ಲ.

ಹಾಗೆಂದು ಲಿಂಗವನ್ನು ಅಗಲಿಸಬೇಕಾಗಿಯೂ ಇಲ್ಲ. ಅಪಾಯವಿರುವುದು ಜೋಲುವುದರಲ್ಲಿ, ಧರಿಸುವುದರಲ್ಲಿ ಅಲ್ಲ. ಅಂದಿನ ಮಟ್ಟಿಗೆ ಲೋಹದ ಕರಡಿಗೆಯನ್ನು ಬಿಟ್ಟು ಲಿಂಗವನ್ನು ವಸ್ತ್ರದಲ್ಲಿ ಕಟ್ಟಿ, ಶಿವದಾರವನ್ನು ಗಿಡ್ಡ ಮಾಡಿ, ಎದೆಗೆ ಒತ್ತಿಕೊಂಡಿರುವಂತೆ ಒಳ ಅಂಗಿಯ ಕೆಳಗೆ ಧರಿಸಲಿ. ಅದರ ಮೇಲೆ ಕೊರಳವರೆಗೆ ಗುಂಡಿ ಹಾಕುವ ಮೇಲಂಗಿ ಇರಲಿ. ಮಗು ಎಷ್ಟೇ ಬಗ್ಗಿದರೂ ದಾರದ ಎಳೆ ಹೊರಗೆ ಇಣುಕಬಾರದು. ಕನ್ನಡಿಯ ಮುಂದೆ ನಾಲ್ಕು ಸಲ ಬಗ್ಗಿಸಿ ತಾವೇ ನೋಡಿ. ದುಪಟ್ಟಾ ಬೇಡ, ಬಳೆ ಬೇಡ, ಮುಚ್ಚಿದ ಬೂಟು ಬೇಕು.

ಇದಿಷ್ಟನ್ನು ಸ್ಪರ್ಧೆಯ ದಿನ ಬಾಗಿಲಲ್ಲಿ ನಿಂತು ವಾದಿಸಬೇಡಿ. ಸಾಲಿನಲ್ಲಿ ನಿಂತ ಮಗುವಿನ ಎದುರು ಹಿರಿಯರು ದನಿಯೆತ್ತಿದರೆ ಮಗು ಅಲ್ಲಿಯೇ ಸೋತುಹೋಗುತ್ತದೆ. ವಾರ ಮುಂಚೆಯೇ ಮುಖ್ಯೋಪಾಧ್ಯಾಯರ ಮೂಲಕ ಸಂಘಟಕರಿಗೆ ಪತ್ರ ಬರೆಯಿರಿ. ಧರಿಸುವ ವಿಧಾನವನ್ನು ಎರಡು ಸಾಲಿನಲ್ಲಿ ವಿವರಿಸಿ, ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಅವರು ಒಪ್ಪದಿದ್ದರೆ ಇನ್ನೊಂದು ದಾರಿಯಿದೆ: ಮೂವರ ತಂಡದಲ್ಲಿ ಯಂತ್ರದ ಸೂಚನೆಗಳನ್ನು ಬರೆಯುವ, ಗಣಕದ ಮುಂದೆ ಕೂರುವ ಕೆಲಸವನ್ನು ಮಗಳು ವಹಿಸಿಕೊಂಡು, ತಿರುಗುವ ಭಾಗಗಳನ್ನು ಗೆಳತಿಯರು ನೋಡಿಕೊಳ್ಳಲಿ. ಅದೂ ಆಗದಿದ್ದರೆ ನಮಗೆ ಬರೆಯಿರಿ. ಅತ್ತೆಯವರಿಗೆ ನಮ್ಮ ಶರಣಾರ್ಥಿಗಳನ್ನು ತಿಳಿಸಿ, ಯಂತ್ರವನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು ರಿಮೋಟ್ ಆರಿಸಿ ನೋಡುವ ಪರೀಕ್ಷೆಯನ್ನು ಅವರ ಕೈಯಲ್ಲಿಯೇ ಮಾಡಿಸಿರಿ.